ಮೂರನೇ ಗೇರಿನ ದೂರು

ನಮ್ಮ ಹೊಸ ಕಾರಿನ ಮೂರನೇ ಗೇರು ನಿಲ್ಲುತ್ತಿರಲಿಲ್ಲ. ದೂರು ಇಷ್ಟೇ. ಆಕ್ಸಿಲರೇಟರ್ ಒತ್ತಿ ಹಿಡಿದಿರುವವರೆಗೆ ಎಲ್ಲ ಸರಿ. ಇಳಿಜಾರು ಬಂತೆಂದೋ ಎದುರಿಗೆ ಬಸ್ಸು ಬಂತೆಂದೋ ಕಾಲು ಸಡಿಲ ಬಿಟ್ಟರೆ ಸಾಕು, ಗೇರಿನ ಕಡ್ಡಿ ಟಕ್ಕೆಂದು ತಾನಾಗಿಯೇ ನ್ಯೂಟ್ರಲ್ಲಿಗೆ ಬಂದು ಕೂರುತ್ತಿತ್ತು. ಇದನ್ನು ಶಿವಮೊಗ್ಗದ ಶೋರೂಮಿನ ಸರ್ವಿಸ್ ವಿಭಾಗದವರಿಗೆ ಅರ್ಥ ಮಾಡಿಸಲು ನನಗೆ ಐದು ತಿಂಗಳು ಹಿಡಿಯಿತು. ಅವರಿಗೆ ಅರ್ಥವಾಗುತ್ತಿರಲಿಲ್ಲ ಎಂದಲ್ಲ. ಅರ್ಥವಾಯಿತೆಂದು ಒಪ್ಪಿಕೊಂಡರೆ ವಾರಂಟಿಯಲ್ಲಿ ಮಾಡಿಕೊಡಬೇಕಾಗುತ್ತದಲ್ಲ, ಅದಕ್ಕೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನಾಗ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೆ. ನ್ಯೂಟೌನಿನಲ್ಲಿ ಕ್ವಾರ್ಟರ್ಸು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಮೂಗು ನನ್ನದು, ಅದರ ಮೇಲೆ ಏನಿಟ್ಟುಕೊಂಡರೆ ಇವಳಿಗೇನು ಎಂದು ನಾನೂ ಹೇಳುತ್ತಿದ್ದೆ. ಈಗ ಯೋಚಿಸಿದರೆ ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಅದಕ್ಕೆ ಮೊದಲು ನಮ್ಮ ಹತ್ತಿರ ಮೂರು ಕೈ ದಾಟಿ ಬಂದ ಒಂದು ಹಳೆಯ ಕಾರಿತ್ತು. ಅದನ್ನು ಹನ್ನೊಂದು ವರ್ಷ ಓಡುವಂತೆ ಇಟ್ಟವರು ಓಲ್ಡ್‌ಟೌನಿನಲ್ಲಿ ಶೆಡ್ ಇಟ್ಟುಕೊಂಡಿದ್ದ ಒಬ್ಬ ಸಾಬರು. ಶೆಡ್ಡಿನ ಹಿರಿಯ ಮೆಕ್ಯಾನಿಕ್ಕಿಗೆ ಉಸ್ತಾದ್ ಎನ್ನುವುದು ನಮ್ಮ ಕಡೆಯ ವಾಡಿಕೆ. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರದ್ದೊಂದು ಪದ್ಧತಿ ಇತ್ತು: ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಗಾಡಿಯ ಯಜಮಾನನನ್ನು ಎದುರಿಗೆ ಕೂರಿಸಿಕೊಂಡು ರೋಗ ಇಂಥದ್ದು, ಬಂದದ್ದು ಇಂಥ ಕಡೆಯಿಂದ ಎಂದು ಹೇಳಿಬಿಡುವುದು. ಬಿಚ್ಚಿದ ಮೇಲೆ ಅದು ತಪ್ಪಿದ್ದನ್ನು ನಾನು ನೋಡಲಿಲ್ಲ. ಒಮ್ಮೆ ಮಾತ್ರ ಡೈನಮೋ ವಿಷಯದಲ್ಲಿ ತಪ್ಪಿದರು. ಅದನ್ನು ಅವರೇ ನಾಲ್ಕು ವರ್ಷ ನೆನಪು ಮಾಡಿಕೊಂಡು ಬೇಜಾರು ಪಟ್ಟುಕೊಳ್ಳುತ್ತಿದ್ದರು.

ಹೊಸ ನಮೂನೆಯ ಕಾರುಗಳು ಬಂದ ಮೇಲೆ ಶೆಡ್ಡಿಗೆ ಗಾಡಿ ಬರುವುದು ಕಡಿಮೆಯಾಯಿತು. ಜೊತೆಗೆ ಅವರ ಮಂಡಿ ಕೈಕೊಟ್ಟಿತ್ತು. ನಲವತ್ತು ವರ್ಷ ಗೋಣಿಚೀಲ ಹಾಸಿಕೊಂಡು ನೆಲದ ಮೇಲೆ ಮಲಗಿ ಕೆಲಸ ಮಾಡಿದ ಮಂಡಿ. ಮಲಗಿದರೆ ಏಳಲಾಗದು, ಎದ್ದರೆ ಮತ್ತೆ ಮಲಗಲಾಗದು. ಡಾಕ್ಟರು ನೆಲದ ಕೆಲಸ ಬಿಡಿ ಎಂದಿದ್ದರಂತೆ. ಅದೊಂದು ದಿನ ಶೆಡ್ಡಿನ ಬಾಗಿಲಿಗೆ ಬೀಗ ಬಿತ್ತು. ಉಸ್ತಾದ್ ಏನು ಮಾಡುತ್ತಿದ್ದಾರೆ ಎಂದು ನಾನೂ ವಿಚಾರಿಸಲಿಲ್ಲ. ಹೊಸ ಕಾರಿನ ಸಂಭ್ರಮದಲ್ಲಿದ್ದೆ.

ಮೊದಲ ಸಲ ದೂರು ತೆಗೆದುಕೊಂಡು ಹೋದಾಗ ಶೋರೂಮಿನವರು ಏಸಿ ಕೋಣೆಯಲ್ಲಿ ಕೂರಿಸಿದರು. ಸೋಫಾ, ಟೀವಿ, ಕಾಗದದ ಲೋಟದಲ್ಲಿ ಟೀ. ಟೈ ಕಟ್ಟಿದ ಸರ್ವಿಸ್ ಅಡ್ವೈಸರ್ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಜಾಬ್ ಕಾರ್ಡಿನಲ್ಲಿ 'ಗೇರ್ ಹಾರ್ಡ್, ಚೆಕ್ ಮಾಡುವುದು' ಎಂದು ಬರೆದ.

"ಹಾರ್ಡ್ ಅಲ್ಲ ಕಣಪ್ಪ, ಕಳಚಿಕೊಳ್ಳುತ್ತೆ ಅಂದೆ ನಾನು."

"ಅದೇ ಸಾರ್. ನಮ್ಮ ಕಂಪ್ಯೂಟರ್‌ನಲ್ಲಿ ಅದು ಹೀಗೇ ಬರೋದು."

ಸಂಜೆ ಹೋದರೆ ಕಾರು ಥಳಥಳ ಹೊಳೆಯುತ್ತಿತ್ತು. ಕಾಲಿಡುವ ಕಡೆ ಬಿಳಿ ಕಾಗದ ಬೇರೆ ಹಾಸಿದ್ದರು. ರೋಡ್ ಟೆಸ್ಟ್ ಮಾಡಿದ್ವಿ, ಓಕೆ ಇದೆ ಎಂದ. ಎಲ್ಲಿಯವರೆಗೆ ಹೋಗಿದ್ರಿ ಎಂದರೆ, ಇಲ್ಲೇ ಸರ್ಕಲ್ ತನಕ ಎಂದ. ಸರ್ಕಲ್ಲಿನವರೆಗೆ ಎರಡನೇ ಗೇರಿಗೆ ಹಾಕುವುದರೊಳಗೆ ಸಿಗ್ನಲ್ ಬರುತ್ತದೆ, ಮೂರನೆಯದರ ಸುದ್ದಿ ಎಲ್ಲಿಂದ ಬಂತು? ವಾಪಸ್ ಬರುವಾಗ ಮಲವಗೊಪ್ಪ ದಾಟುವುದರೊಳಗೆ ಎರಡು ಸಲ ಗೇರು ಹಾರಿತು.

ಎರಡನೆಯ ಸಲ ನನ್ನ ಕೈಯದ್ದೇ ತಪ್ಪು ಎಂದರು. ಕೆಲವರು ಗೇರಿನ ಕಡ್ಡಿಯ ಮೇಲೆ ಕೈ ಇಟ್ಟುಕೊಂಡೇ ಓಡಿಸುತ್ತಾರೆ, ಅದರಿಂದ ಹೀಗಾಗುತ್ತದೆ, ಡ್ರೈವಿಂಗ್ ಹ್ಯಾಬಿಟ್ ಚೇಂಜ್ ಮಾಡ್ಕೊಳ್ಳಿ ಎಂದು ಬುದ್ಧಿ ಹೇಳಿ, ಗ್ರೀಸ್ ಹಾಕಿ ಕಳಿಸಿದರು. ಮೂರನೆಯ ಸಲ ಗೇರ್ ಆಯಿಲ್ ಬದಲಾಯಿಸಿದರು. ಹೊಸ ಗಾಡಿ ಸಾರ್, ಸೆಟ್ ಆಗ್ಬೇಕು ಎಂದ ಅಡ್ವೈಸರ್.

"ಒಂದೂವರೆ ವರ್ಷ ಆಯ್ತು ತಗೊಂಡು. ಮಗು ಆಗಿದ್ರೆ ಇಷ್ಟೊತ್ತಿಗೆ ಓಡಾಡ್ತಿತ್ತು. ಇದಿನ್ನೂ ಸೆಟ್ ಆಗ್ಬೇಕಾ?" ಎಂದೆ. ಆತ ನಗಲಿಲ್ಲ. ಟೀ ತರಿಸಲಾ ಸಾರ್ ಎಂದ.

ಮನೆಗೆ ಬಂದು ಹಾರಾಡಿದೆ. ಹೆಂಡತಿ ಹೇಳಿದಳು: "ರೀ, ಅಲ್ಲಿ ಹೋಗಿ ಹೀಗೆಲ್ಲ ಕೂಗಾಡ್ಬೇಡಿ. ಕೂಗಾಡಿದ್ರೆ ಕಾರನ್ನ ಎಲ್ಲಾದ್ರೂ ಗೀರಿ ಕೊಟ್ಟುಬಿಡ್ತಾರೆ."

"ಗೀರ್ಲಿ ನೋಡ್ತೀನಿ."

"ನೋಡಿ ಏನ್ ಮಾಡ್ತೀರಿ? ಮತ್ತೆ ಕೂಗಾಡ್ತೀರಿ."

ಆ ಮೂರನೆಯ ಸಲವೇ ನಾನು ಉಸ್ತಾದರನ್ನು ಅಲ್ಲಿ ನೋಡಿದ್ದು. ಕಾಯುವ ಕೋಣೆಯ ಒಂದು ಗೋಡೆ ಪೂರ್ತಿ ಗಾಜಿನದು. ಅದರಾಚೆ ವರ್ಕ್‌ಶಾಪು. ಬಾಗಿಲ ಮೇಲೆ ಗ್ರಾಹಕರಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಹೊತ್ತು ಹೋಗದೆ ಗಾಜಿನಲ್ಲಿ ನೋಡುತ್ತಿದ್ದೆ. ನೀಲಿ ಯೂನಿಫಾರ್ಮ್ ಹಾಕಿ, ಎದೆಗೆ ನಂಬರಿನ ಬಿಲ್ಲೆ ಸಿಕ್ಕಿಸಿಕೊಂಡ ಗಡ್ಡದವರೊಬ್ಬರು ನನ್ನ ಕಡೆಗೆ ಕೈ ಎತ್ತಿದರು. ಗುರುತು ಹತ್ತಲು ಒಂದು ನಿಮಿಷ ಬೇಕಾಯಿತು. ಶೆಡ್ಡಿನಲ್ಲಿ ಅವರು ಎಣ್ಣೆ ಹಿಡಿದ ಬನಿಯನ್ನಿನಲ್ಲೇ ಇರುತ್ತಿದ್ದವರು.

ಬಾಗಿಲವರೆಗೆ ಬಂದು ಮಾತಾಡಿಸಿದರು. ಸೇರಿ ನಾಲ್ಕು ತಿಂಗಳಾಯಿತಂತೆ. ದಿನಾ ಬಸ್ಸಿನಲ್ಲಿ ಓಡಾಟ.

"ಮಂಡಿ ಹೇಗಿದೆ ಉಸ್ತಾದ್?" ಎಂದೆ.

"ಅದಕ್ಕೇ ಸಾರ್ ಇಲ್ಲಿಗೆ ಬಂದಿದ್ದು. ನೀವು ಒಳಗೆ ಬರೋ ಹಾಗಿಲ್ಲ, ಅಲ್ಲೇ ಗ್ಲಾಸ್ ಹತ್ರ ನಿಂತ್ಕೊಳ್ಳಿ, ಒಂದು ತೋರಿಸ್ತೀನಿ" ಎಂದು ಒಳಗೆ ಹೋದರು. ಗೋಡೆಯ ಮೇಲಿನ ಬಟನ್ ಒತ್ತಿದರು. ಲಿಫ್ಟಿನ ಮೇಲಿದ್ದ ಕಾರು ನಿಧಾನವಾಗಿ ಮೇಲೆದ್ದಿತು. ತಲೆಗಿಂತ ಎತ್ತರಕ್ಕೆ ಹೋದ ಮೇಲೆ ಅವರು ಬಗ್ಗದೆ, ನೆಟ್ಟಗೆ ನಡೆದುಕೊಂಡು ಅದರ ಕೆಳಗೆ ಹೋಗಿ ನಿಂತು ಗಾಜಿನೊಳಗಿಂದ ನನ್ನನ್ನು ನೋಡಿದರು. ಆ ಮುಖದಲ್ಲಿದ್ದ ಖುಷಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಚೆ ಬಂದು ಹೇಳಿದರು: "ಫಸ್ಟ್ ಟೈಮ್ ಸಾರ್ ಲೈಫಲ್ಲಿ, ನಿಂತ್ಕೊಂಡು ಕೆಲಸ ಮಾಡ್ತಾ ಇದೀನಿ. ಆರು ತಿಂಗಳು ನೋಡಿ ಖಾಯಂ ಮಾಡ್ತಾರಂತೆ. ಅದೊಂದಾಗ್ಬಿಟ್ರೆ ಆಯ್ತು. ಇನ್ನು ನೆಲದ ಮೇಲೆ ಮಲಗೋ ಕೆಲಸ ನನ್ನ ಕೈಲಾಗಲ್ಲ."

ಖಾಯಂ ಆಗೇ ಆಗುತ್ತೆ, ನಿಮ್ಮಂಥವರನ್ನ ಬಿಟ್ಟು ಇನ್ನಾರನ್ನ ಮಾಡ್ತಾರೆ ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ, ಹಾಗೇ ನಂಬಿದ್ದೆ.

ನಾಲ್ಕನೆಯ ಸಲ ಹೋಗುವಾಗ ವಾರಂಟಿ ಮುಗಿಯಲು ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಈ ಸಲ ನಾನು ಹೋಗಿ ಸೋಫಾದಲ್ಲಿ ಕೂರಲಿಲ್ಲ. ಟೀ ಬೇಡವೆಂದೆ. ನನ್ನನ್ನು ಕೂರಿಸಿಕೊಂಡು ರೋಡ್ ಟೆಸ್ಟ್ ಮಾಡಬೇಕು, ಸರ್ಕಲ್ ತನಕ ಅಲ್ಲ, ನಾನು ಹೇಳಿದ ಕಡೆ, ಇಲ್ಲದಿದ್ದರೆ ಇಲ್ಲಿಂದ ಕದಲುವುದಿಲ್ಲ ಎಂದು ಕೌಂಟರಿನ ಎದುರು ನಿಂತುಬಿಟ್ಟೆ. ಏಸಿ ಕೋಣೆಯಲ್ಲಿದ್ದವರೆಲ್ಲ ಟೀವಿ ಬಿಟ್ಟು ನನ್ನನ್ನು ನೋಡತೊಡಗಿದರು. ಮ್ಯಾನೇಜರ್ ಒಳಗಿಂದ ಬಂದು, ಆಯ್ತು ಸಾರ್, ನಮ್ಮ ಸೀನಿಯರ್ ಮೆಕ್ಯಾನಿಕ್ಕನ್ನೇ ಕಳಿಸ್ತೀನಿ ಎಂದ. ಬಂದವರು ಉಸ್ತಾದ್.

ಸಕ್ರೆಬೈಲಿನ ಆನೆ ಬಿಡಾರದ ಕಡೆ ಹೋದೆವು. ಅವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ನಾನೇ ಮಾತಾಡುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿದ್ದದ್ದು ಗಾಡಿಯನ್ನು, ನನ್ನನ್ನಲ್ಲ. ಕಾಡಿನ ರಸ್ತೆಯ ಒಂದು ಇಳಿಜಾರಿನಲ್ಲಿ ಮಾವುತನೊಬ್ಬ ಆನೆಯನ್ನು ಹೊಳೆಯ ಕಡೆಗೆ ದಾಟಿಸುತ್ತಿದ್ದ. ಉಸ್ತಾದ್ ಕಾಲು ಸಡಿಲಿಸಿದರು. ಟಕ್. ಗೇರು ಹಾರಿತು. ಆನೆ ದಾಟುವ ತನಕ ಕಾದರು. ಆಮೇಲೆ ಗಾಡಿ ತಿರುಗಿಸಿ ಅದೇ ಇಳಿಜಾರಿನಲ್ಲಿ ಮೂರು ಸಲ ಹತ್ತಿಸಿ ಇಳಿಸಿದರು. ಮೂರು ಸಲವೂ ಅದೇ. ಕೊನೆಯ ಸಲ ಎರಡು ಬೆರಳನ್ನು ಮಾತ್ರ ಕಡ್ಡಿಗೆ ತಾಗಿಸಿ ಇಟ್ಟುಕೊಂಡಿದ್ದರು, ಡಾಕ್ಟರು ನಾಡಿ ಹಿಡಿದ ಹಾಗೆ.

ಗಾಡಿಯನ್ನು ಪಕ್ಕಕ್ಕೆ ಹಾಕಿದರು. ನಾನು ಕೇಳಿದೆ: "ಉಸ್ತಾದ್, ಶೆಡ್ಡಿನಲ್ಲಿ ಹೇಳ್ತಿದ್ರಲ್ಲ, ಹಾಗೆ ಹೇಳಿ. ಏನು ಇದಕ್ಕೆ?"

"ಇದು ನಿಮ್ಮ ಕೈಯಿಂದ ಆಗಿದ್ದಲ್ಲ ಸಾರ್. ಒಳಗೆ ಗೇರು ಕಚ್ಚಿಕೊಳ್ಳೋ ಹಲ್ಲು ಇದೆಯಲ್ಲ, ಥರ್ಡ್‌ದು, ಅದರ ಕಟಿಂಗೇ ತಪ್ಪು. ಕಂಪನಿಯಿಂದ ಬರೋವಾಗಲೇ ಹಾಗೆ ಬಂದಿದೆ. ಗ್ರೀಸು, ಆಯಿಲ್ಲು ಎಲ್ಲ ಬೇಕಾರ್. ಗೇರ್ ಬಾಕ್ಸೇ ಚೇಂಜ್ ಆಗ್ಬೇಕು."

"ಹಾಗಾದ್ರೆ ಇವರಿಗೇನು ಕಷ್ಟ? ಕಂಪನಿ ಕೊಡುತ್ತಲ್ಲ?"

"ಕಂಪನಿ ಒಪ್ಪಿದ್ರೆ ಕೊಡುತ್ತೆ. ಒಪ್ಪದಿದ್ರೆ ಶೋರೂಮಿನವರ ತಲೆ ಮೇಲೆ ಬರುತ್ತೆ. ಅದಕ್ಕೇ ಕಳಿಸೋದೇ ಇಲ್ಲ. ವಾರಂಟಿ ಮುಗೀಲಿ ಅಂತ ಕಾಯ್ತಾರೆ." ಗಾಡಿ ತಿರುಗಿಸುತ್ತ, "ನಾನು ಮ್ಯಾನೇಜರಿಗೆ ಹೇಳ್ತೀನಿ ಸಾರ್" ಎಂದರು.

ವಾಪಸ್ ಬರುವಾಗ ಖಾಯಂ ವಿಷಯ ಏನಾಯಿತು ಎಂದು ಕೇಳಿದೆ. ಮುಂದಿನ ತಿಂಗಳು ಆರು ತಿಂಗಳು ತುಂಬುತ್ತದೆ, ಮ್ಯಾನೇಜರ್ ಒಂದು ಮಾತು ಬರೆದರೆ ಸಾಕು ಎಂದರು. ಅಷ್ಟರಲ್ಲಿ ಶೋರೂಮ್ ಬಂತು.

ಅರ್ಧ ಗಂಟೆಯಾದ ಮೇಲೆ ಅಡ್ವೈಸರ್ ನನ್ನ ಕೈಗೆ ಪ್ರಿಂಟ್ ಮಾಡಿದ ಕಾಗದ ಕೊಟ್ಟ. ರೋಡ್ ಟೆಸ್ಟ್ ಮಾಡಲಾಗಿದೆ, ಗೇರ್ ನಾರ್ಮಲ್, ವಾಹನ ಓಕೆ ಎಂದಿತ್ತು.

"ಇದು ಯಾರ ರಿಪೋರ್ಟು?"

"ಸೀನಿಯರ್ ಮೆಕ್ಯಾನಿಕ್ ಜೊತೆಗೇ ಹೋಗಿದ್ರಲ್ಲ ಸಾರ್, ಅದೇ."

ಗಾಜಿನಾಚೆ ನೋಡಿದೆ. ಉಸ್ತಾದ್ ಆ ಕಡೆ ತಿರುಗಿ ಒಂದು ಕಾರಿನ ಕೆಳಗೆ ನಿಂತಿದ್ದರು. ತಿರುಗಲಿಲ್ಲ. ಅವರು ಹೇಳಿರಲಿಲ್ಲವೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಹೇಳಿದ್ದನ್ನು ಇವರು ನುಂಗಿ ನೀರು ಕುಡಿದಿದ್ದಾರೆ ಎಂದೇ ಅನ್ನಿಸಿತು. ಮೈಯೆಲ್ಲ ಉರಿದುಹೋಯಿತು.

ಕೌಂಟರಿನ ಮೇಲೆ ಗ್ರಾಹಕರ ಸಲಹೆ ಪುಸ್ತಕ ಎಂಬುದೊಂದು ಇತ್ತು. ತಿಂಗಳಿಗೊಮ್ಮೆ ಕಂಪನಿಯ ಎಂಜಿನಿಯರ್ ಬಂದು ಅದನ್ನು ಓದಿ ಸಹಿ ಹಾಕುತ್ತಾರೆಂದು ಅಡ್ವೈಸರೇ ಹಿಂದೊಮ್ಮೆ ಜಂಬದಿಂದ ಹೇಳಿದ್ದ. ಟೀ ಚೆನ್ನಾಗಿದೆ, ಟೀವಿಯಲ್ಲಿ ಚಾನೆಲ್ ಬದಲಾಯಿಸಿ, ಇಂಥವೇ ಅದರ ತುಂಬ. ನಾನು ಪೆನ್ನು ತೆಗೆದೆ.

ಇಲ್ಲಿ ನಮ್ಮ ಕಾರ್ಖಾನೆಯ ಪದ್ಧತಿಯೊಂದನ್ನು ಹೇಳಬೇಕು. ಅಲ್ಲಿ ಪ್ರತಿ ಶಿಫ್ಟಿಗೂ ಒಂದು ಲಾಗ್ ಬುಕ್ಕು. ಯಾವ ಯಂತ್ರ, ಎಷ್ಟು ಗಂಟೆಗೆ ನಿಂತಿತು, ಯಾರು ನೋಡಿದರು, ನೋಡಿದವರು ಏನೆಂದರು, ಎಲ್ಲವನ್ನೂ ಹೆಸರು ಮತ್ತು ಟೋಕನ್ ನಂಬರಿನ ಸಮೇತ ಬರೆಯಬೇಕು. ಕೆಲಸಗಾರನೊಬ್ಬ ರೋಗವನ್ನು ಸರಿಯಾಗಿ ಕಂಡುಹಿಡಿದಿದ್ದರೆ ಅವನ ಟೋಕನ್ ನಂಬರು ಬಿಡದೆ ಬರೆಯುವುದು ಶಿಫ್ಟಿನವನ ಧರ್ಮ. ಪ್ರಮೋಷನ್ ಹೊತ್ತಿಗೆ ಆ ಪುಟಗಳನ್ನು ತೆಗೆದು ನೋಡುತ್ತಿದ್ದರು. ಹೆಸರು ಬಿಟ್ಟು ಬರೆದರೆ ಕೆಲಸಗಾರರು ಬಂದು ಜಗಳಕ್ಕೆ ನಿಲ್ಲುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೇ ಬರೆದ ಕೈ ನನ್ನದು.

ಸಲಹೆ ಪುಸ್ತಕದಲ್ಲೂ ಹಾಗೇ ಬರೆದೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ಗೇರು ಹಾರಿತು, ಎಷ್ಟು ಸಲ. ಉಸ್ತಾದರ ಹೆಸರು, ಎದೆಯ ಬಿಲ್ಲೆಯ ನಂಬರು. ಮೂರನೇ ಗೇರಿನ ಹಲ್ಲಿನ ಕಟಿಂಗ್ ತಪ್ಪಾಗಿದೆ, ಕಂಪನಿಯಿಂದ ಬರುವಾಗಲೇ ಹಾಗೆ ಬಂದಿದೆ, ಬಾಕ್ಸ್ ಬದಲಾಯಿಸಬೇಕು ಎಂದು ಅವರು ಹೇಳಿದ್ದು, ಹೇಳಿದ ಮಾತಿನಲ್ಲೇ. ಕೊನೆಗೆ, ಇಂಥ ಅನುಭವಿ ಕೆಲಸಗಾರ ಸಂಸ್ಥೆಗೆ ಸಿಕ್ಕಿರುವುದು ಭಾಗ್ಯ, ಇವರನ್ನು ಖಾಯಂ ಮಾಡಿಕೊಳ್ಳುವುದು ಸೂಕ್ತ ಎಂದೂ ಒಂದು ಸಾಲು ಸೇರಿಸಿದೆ. ಸಹಿ ಹಾಕಿ, ಯಾರೂ ಹರಿಯದಿರಲೆಂದು ಪುಟಸಂಖ್ಯೆಯನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಂಡದ್ದು ಅಡ್ವೈಸರಿಗೆ ಕಾಣುವ ಹಾಗೆಯೇ.

ಆತ ನಿಂತಲ್ಲೇ ಓದಿದ. ಓದುತ್ತ ಓದುತ್ತ ಮುಖ ಸಣ್ಣದಾಯಿತು.

"ಸಾರ್, ಹೆಸರು ಬೇಕಿತ್ತಾ?" ಎಂದ.

"ಹೆಸರಿಲ್ಲದೆ ಬರೆದ್ರೆ ಕತೆ ಆಗುತ್ತೆ. ನಾನು ಕತೆ ಬರೆಯೋನಲ್ಲ" ಎಂದು ಹೊರಗೆ ಬಂದೆ.

ದಾರಿಯುದ್ದಕ್ಕೂ ನನಗೆ ಹಗುರವೆನ್ನಿಸುತ್ತಿತ್ತು. ನನ್ನ ಕೆಲಸವೂ ಆಯಿತು, ಉಸ್ತಾದರಿಗೂ ಒಂದು ಉಪಕಾರವಾಯಿತು ಎಂದುಕೊಂಡೆ. ಹೆಂಡತಿಗೆ ಹೇಳಿದೆ. ಅವಳು ಅನ್ನಕ್ಕೆ ನೀರಿಡುತ್ತಿದ್ದವಳು ತಿರುಗಿ, "ಅವರನ್ನ ಒಂದು ಮಾತು ಕೇಳಿದ್ರಾ?" ಎಂದಳು.

"ಒಳ್ಳೇದು ಬರೆಯೋಕೆ ಕೇಳೋದೇನು?"

ಅಡ್ವೈಸರ್ ಕೇಳಿದ್ದೂ ಅದನ್ನೇ, ಇವಳು ಕೇಳಿದ್ದೂ ಅದನ್ನೇ. ಆದರೂ ನನ್ನ ತಲೆಗೆ ಹೋಗಲಿಲ್ಲ. ಉಸ್ತಾದ್ ತಮ್ಮ ಹೆಸರು ಹೇಳಬೇಡಿ ಎಂದಿದ್ದರೆ ನಾನು ಖಂಡಿತ ಬರೆಯುತ್ತಿರಲಿಲ್ಲ. ಅವರು ಹಾಗನ್ನಲಿಲ್ಲ. ಎಷ್ಟೋ ದಿನ ಇದನ್ನೇ ನೆನೆದು ಸಮಾಧಾನ ಮಾಡಿಕೊಂಡಿದ್ದೇನೆ. ಹನ್ನೊಂದು ವರ್ಷ ಪರಿಚಯವಿದ್ದವನಿಗೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಮೂರು ವಾರಕ್ಕೆ ಫೋನ್ ಬಂತು. ಗೇರ್ ಬಾಕ್ಸ್ ಬದಲಾಯಿಸಿಕೊಡಲು ಕಂಪನಿ ಒಪ್ಪಿದೆ, ವಾರಂಟಿಯಲ್ಲೇ, ಗಾಡಿ ತಂದು ಬಿಡಿ ಎಂದರು. ಗೆದ್ದೆ ಎಂದು ಕ್ವಾರ್ಟರ್ಸಿನ ಸಾಲಿಗೆಲ್ಲ ಹೇಳಿಕೊಂಡು ಬಂದೆ. ಎರಡು ದಿನ ಬಿಟ್ಟು ಗಾಡಿ ತರಲು ಹೋದಾಗ ಮ್ಯಾನೇಜರ್ ಎದ್ದು ನಿಂತು ಕೈ ಮುಗಿದ. ಹಳೆಯ ಬಾಕ್ಸನ್ನು ಬಿಚ್ಚಿಟ್ಟಿದ್ದರು. ಮೂರನೇ ಗೇರಿನ ಹಲ್ಲು ಒಂದು ಬದಿಗೆ ಓರೆಯಾಗಿತ್ತು. ಉಸ್ತಾದ್ ಹೇಳಿದ್ದು ಎಳ್ಳಷ್ಟೂ ತಪ್ಪಿರಲಿಲ್ಲ.

ಗಾಜಿನಾಚೆ ಹುಡುಕಿದೆ. ಲಿಫ್ಟಿನ ಕೆಳಗೆ ಬೇರೆ ಯಾರೋ ನಿಂತಿದ್ದರು.

"ಉಸ್ತಾದ್ ರಜಾನಾ?" ಎಂದು ಅಡ್ವೈಸರನ್ನು ಕೇಳಿದೆ.

ಆತ ಮ್ಯಾನೇಜರ್ ಕೋಣೆಯ ಕಡೆ ಒಮ್ಮೆ ನೋಡಿ, ಕಾರಿನವರೆಗೆ ನನ್ನ ಜೊತೆ ನಡೆದು ಬಂದ. "ಅವರನ್ನ ಬಿಡಿಸಿದ್ರು ಸಾರ್. ನಮ್ಮ ಕಾರ್ಡಲ್ಲಿ ಓಕೆ ಅಂತಿತ್ತು, ನಿಮ್ಮ ಬುಕ್ಕಲ್ಲಿ ಗೇರಲ್ಲಿ ತಪ್ಪಿದೆ ಅಂತ ನಮ್ಮ ಮೆಕ್ಯಾನಿಕ್ಕೇ ಅಂದ ಅಂತಿತ್ತು. ಕಂಪನಿ ಎಂಜಿನಿಯರ್ ಎರಡೂ ಪಕ್ಕದಲ್ಲಿಟ್ಟು ಶೋರೂಮ್ ಓನರ್‌ನ ಕೇಳಿದ್ರು, ಯಾವುದು ಸುಳ್ಳು ಅಂತ. ಓನರಿಗೆ ಅವಮಾನ ಆಯ್ತು. ಖಾಯಂ ಆಗಿರ್ಲಿಲ್ಲವಲ್ಲ, ಅವತ್ತೇ ಸಾಯಂಕಾಲ ಯೂನಿಫಾರ್ಮ್ ವಾಪಸ್ ತಗೊಂಡ್ರು."

ಜಗಳಕ್ಕೆ ಹೋಗಬೇಕೆಂದು ನನಗೆ ಅನ್ನಿಸಲಿಲ್ಲ. ಜೀವಮಾನದಲ್ಲಿ ಕೋಪ ಬರಬೇಕಾದ ಜಾಗದಲ್ಲಿ ಬಾರದೇ ಹೋದದ್ದು ಅದೊಂದೇ ಸಲ ಇರಬೇಕು. ಯಾರ ಮೇಲೆ ಬರಬೇಕು? ಭದ್ರಾವತಿಯವರೆಗೆ ಮೂರನೇ ಗೇರು ಒಂದು ಸಲವೂ ಕಳಚಲಿಲ್ಲ. ಕಳಚಲಿ ಎಂದು ಬೇಕೆಂದೇ ಎಷ್ಟೋ ಕಡೆ ಕಾಲು ತೆಗೆದು ನೋಡಿದೆ.

ಅವರ ಮನೆಗೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಹತ್ತು ಹದಿನೈದು ದಿನ ಹೀಗೇ ಕಳೆದೆ. ಊಟಕ್ಕೆ ಕೂತಾಗ ಹೆಂಡತಿ ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಕೂತು ಓನರಿಗೆ ಪತ್ರ ಬರೆದೆ. ಸಲಹೆ ಪುಸ್ತಕದಲ್ಲಿ ನಾನು ಬರೆದದ್ದು ತಪ್ಪು ತಿಳುವಳಿಕೆಯಿಂದ. ನಿಮ್ಮ ಮೆಕ್ಯಾನಿಕ್ ಹಾಗೆ ಹೇಳಿರಲಿಲ್ಲ. ನಾನೇ ಊಹಿಸಿಕೊಂಡು ಅವರ ಹೆಸರು ಸೇರಿಸಿದೆ. ದಯವಿಟ್ಟು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಮುಗಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸಹಿಯ ಮೇಲೆ ಸುಳ್ಳು ಬರೆದದ್ದು ಅದೇ ಮೊದಲು. ಉಸ್ತಾದರಿಗೆ ತೋರಿಸಿ ನೇರವಾಗಿ ಶೋರೂಮಿಗೆ ಹೋಗಿ ಕೊಡುವುದೆಂದು ಹೊರಟೆ. ಈ ಸಲ ಕೇಳಿಯೇ ಕೊಡಬೇಕೆಂದಿತ್ತು.

ಅವರು ಮಲವಗೊಪ್ಪದಲ್ಲಿ ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದಾರೆಂದು ಓಲ್ಡ್‌ಟೌನಿನಲ್ಲಿ ಹೇಳಿದರು. ನಾಲ್ಕು ಕಂಬ, ಮೇಲೆ ತಗಡು. ಒಂದು ಸಾಮಾನು ಸಾಗಿಸುವ ವ್ಯಾನು ನಿಂತಿತ್ತು. ಅದರ ಕೆಳಗಿಂದ ಎರಡು ಕಾಲು ಆಚೆ ಇದ್ದವು.

"ಉಸ್ತಾದ್" ಎಂದೆ.

ಕಾಲು ಅಲುಗಿದವು. ಗೋಣಿಚೀಲದ ಸಮೇತ ಜರುಗಿಕೊಂಡು ಹೊರಗೆ ಬಂದರು. ಬಂಪರ್ ಹಿಡಿದು ಮೊದಲು ಒಂದು ಮಂಡಿಯ ಮೇಲೆ ಕೂತರು. ಅಲ್ಲೇ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಆಮೇಲೆ ಎದ್ದರು. ಕೈ ಕೊಡಲು ಹೋದೆ, ಬೇಡ ಎಂದು ತಲೆಯಾಡಿಸಿದರು.

"ಬಾಕ್ಸ್ ಹಾಕಿದ್ರಾ ಸಾರ್?"

"ಹಾಕಿದ್ರು."

"ಥರ್ಡ್ ನಿಲ್ಲುತ್ತಾ?"

"ನಿಲ್ಲುತ್ತೆ ಉಸ್ತಾದ್. ಹಲ್ಲು ಓರೆ ಇತ್ತು, ನೀವು ಹೇಳಿದ ಹಾಗೇ."

"ಹ್ಞೂಂ" ಎಂದರು. ಮುಖ ಅರಳಿತು, ಅದು ನಿಜ. ಆಮೇಲೆ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: "ಬರೆಯೋ ಮುಂಚೆ ನನ್ನ ಒಂದು ಮಾತು ಕೇಳಬಹುದಿತ್ತು ಸಾರ್."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಪ್ಪಾಯ್ತು ಉಸ್ತಾದ್ ಎಂದೆ. ನಮ್ಮ ಕಾರ್ಖಾನೆಯ ಲಾಗ್ ಬುಕ್ಕಿನ ವಿಷಯ ಹೇಳಲು ಬಾಯಿ ತೆರೆದವನು ಅಷ್ಟಕ್ಕೇ ನಿಲ್ಲಿಸಿದೆ. ಜೇಬಿನಿಂದ ಪತ್ರ ತೆಗೆದು ಕೊಟ್ಟೆ.

"ಇದನ್ನ ಈಗಲೇ ಹೋಗಿ ಓನರ್ ಕೈಗೆ ಕೊಟ್ಟು ಬರ್ತೀನಿ. ನೀವು ಹ್ಞೂಂ ಅಂದ್ರೆ ಸಾಕು."

ಎಣ್ಣೆ ಹತ್ತದಂತೆ ಅಂಚಿನಲ್ಲಿ ಹಿಡಿದುಕೊಂಡು ನಿಧಾನವಾಗಿ ಓದಿದರು. ಒಂದು ಕಡೆ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದರು.

"ಬಿಡಿಸೋ ಮುಂಚೆ ಶೋರೂಮಿನವರೂ ಇದನ್ನೇ ಕೇಳಿದ್ರು ಸಾರ್. ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ತಂದಿದ್ರು. ಗೇರು ಸರಿ ಇತ್ತು, ಹಲ್ಲು ತಪ್ಪು ಅಂತ ನಾನು ಹೇಳೇ ಇಲ್ಲ, ಕಸ್ಟಮರ್ ಸುಳ್ಳು ಬರೆದಿದಾರೆ ಅಂತ. ಸೈನ್ ಮಾಡು, ನಾಳೆಯಿಂದ್ಲೇ ಖಾಯಂ ಅಂದ್ರು."

ನನಗೆ ಇದು ಗೊತ್ತಿರಲಿಲ್ಲ. ಅಡ್ವೈಸರ್ ಹೇಳಿರಲಿಲ್ಲ.

"ಮಾಡಬೇಕಿತ್ತು ಉಸ್ತಾದ್. ನನಗೇನಾಗ್ತಿತ್ತು? ಹೆಚ್ಚಂದ್ರೆ ಬಾಕ್ಸ್ ಸಿಗ್ತಿರ್ಲಿಲ್ಲ."

"ನಿಮಗೋಸ್ಕರ ಅಲ್ಲ ಸಾರ್" ಎಂದರು. "ನಲವತ್ತು ವರ್ಷ ಗಾಡಿ ಮುಟ್ಟಿ ರೋಗ ಹೇಳಿದವನು ನಾನು. ಹಾರೋ ಗೇರಿಗೆ ಸರಿ ಇದೆ ಅಂತ ಸೈನ್ ಹಾಕಿದ್ರೆ, ಲಿಫ್ಟ್ ಕೆಳಗೆ ನಿಂತು ಏನು ಮಾಡ್ಲಿ? ಆ ಬುಕ್ಕಲ್ಲಿ ನೀವು ಬರೆದಿದ್ದು ಸರಿ ಇದೆ. ಥರ್ಡ್ ಹಲ್ಲು ತಪ್ಪು ಅಂತ ಹೇಳಿದ್ದು ನಾನೇ. ಅದನ್ನ ಹಾಗೇ ಬಿಡಿ."

ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ನನ್ನ ಅಂಗಿಯ ಜೇಬಿನಲ್ಲಿ ತಾವೇ ಇಟ್ಟರು. ವ್ಯಾನಿನವನು ಹನ್ನೊಂದಕ್ಕೆ ಬರುತ್ತೇನೆಂದಿದ್ದಾನೆ ಎಂದರು. ಒಂದು ಕೈಯಲ್ಲಿ ಬಂಪರ್ ಹಿಡಿದು, ಇನ್ನೊಂದರಲ್ಲಿ ಮಂಡಿ ಒತ್ತಿಕೊಂಡು, ಮೊದಲು ಕೂತು, ಆಮೇಲೆ ಅಂಗಾತ ಮಲಗಿ, ಮತ್ತೆ ಗಾಡಿಯ ಕೆಳಗೆ ಹೋದರು.